ಬೆನ್ನುಜ್ಜುವವನು ಬೆಟ್ಟ ಹತ್ತಿದ್ದು

ಟಿಬಿಲಿಸಿ ನೋಡಲು ಬಂದವರೆಲ್ಲ
ನನ್ನ ತಲೆಯ ಮೇಲೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ.
ಇಟ್ಟಿಗೆಯ ಗುಮ್ಮಟಗಳು, ನೆಲದಿಂದಲೇ ಉಬ್ಬಿದ ಹಾಗೆ,
ಒಳ್ಳೆಯ ಹಿನ್ನೆಲೆ.
ನಾನು ಕೆಳಗೆ, ಗಂಧಕದ ಹಬೆಯಲ್ಲಿ,
ಸೊಂಟಕ್ಕೊಂದು ಚೌಕಳಿ ಬಟ್ಟೆ, ಕೈಗೊಂದು ಒರಟು ಚೀಲ,
ಯಾರದೋ ಬೆನ್ನುಜ್ಜುತ್ತಿರುತ್ತೇನೆ.

ಮೂವತ್ತೊಂದು ವರ್ಷ.
ಅದಕ್ಕೂ ಮುಂಚೆ ಅಪ್ಪ. ಇದೇ ಕಲ್ಲಿನ ಮಂಚ,
ಇದೇ ಕೊಳೆತ ಮೊಟ್ಟೆಯ ವಾಸನೆ.
ಮದುವೆಯ ರಾತ್ರಿ ಹೆಂಡತಿ ಎದ್ದು ಕಿಟಕಿ ತೆರೆದಿದ್ದಳು;
ಈಗ ತವರಿಗೆ ಹೋದರೆ
ಈ ವಾಸನೆಯಿಲ್ಲದೆ ಅವಳಿಗೆ ನಿದ್ದೆ ಹತ್ತದು.

ಗೈಡುಗಳ ದನಿ ಗುಮ್ಮಟದ ಕಿಂಡಿಯಿಂದ ಇಳಿಯುತ್ತದೆ:
ರಾಜ ಬೇಟೆಗೆ ಬಂದ, ಗಿಡುಗ ಹಕ್ಕಿಯನ್ನು ಹಿಡಿಯಿತು,
ಎರಡೂ ಬಿಸಿನೀರ ಬುಗ್ಗೆಗೆ ಬಿದ್ದು ಬೆಂದವು,
ಇಲ್ಲೇ ಊರು ಕಟ್ಟಿ ಅಂದ ರಾಜ.
ದಿನಕ್ಕೆ ಆರು ಸಲ, ನಾಲ್ಕು ಭಾಷೆಗಳಲ್ಲಿ
ಬೇಯುತ್ತವೆ ಆ ಬಡಪಾಯಿ ಹಕ್ಕಿಗಳು.
ಬೆಂದದ್ದನ್ನು ತಿಂದವರು ಯಾರು
ಎಂದು ಈವರೆಗೆ ಒಬ್ಬನೂ ಕೇಳಿಲ್ಲ.

ನಾನು ಕಂಡ ಊರೆಂದರೆ ಬೆನ್ನು.

ಸಿಯೋನಿಯ ಇಗರ್ಜಿಯಲ್ಲಿ ಮೇಣದ ಬತ್ತಿ ಮಾರುವ ಯೋತಾಮ್,
ಅಗಲ ಬೆನ್ನು, ನಡುವೆ ಒಂದು ಅನಾಥ ಮಚ್ಚೆ.
ಯಹೂದಿ ಮಂದಿರದ ಶಾಲ್ವಾ, ಹೆಗಲ ಮೇಲೆ ಸುಟ್ಟ ಕಲೆ,
ಅದರ ಕತೆ ಪ್ರತಿ ಸಲ ಬೇರೆ.
ಗಡಿಯಾರ ರಿಪೇರಿಯ ಗರೆಗಿನ್, ಆರ್ಮೇನಿಯದವರ ಕೇರಿಯವನು,
ಬೆನ್ನುಮೂಳೆಯ ಮಣಿ ಒಂದು ಹೆಚ್ಚಿದೆ ಎಂದು ನನ್ನ ಗುಮಾನಿ;
ಉಜ್ಜುವಾಗ ಹೆಂಡತಿಯನ್ನು ಬಯ್ಯುತ್ತಾನೆ,
ನೀರು ಸುರಿದಾಗ ಹೊಗಳುತ್ತಾನೆ.
ನಮ್ಮ ಮಸೀದಿಯ ಮುದುಕರಿಬ್ಬರು, ಒಬ್ಬ ಸುನ್ನಿ, ಒಬ್ಬ ಶಿಯಾ.
ಅಲ್ಲಿ ನಡುವೆ ಕರಿಯ ಪರದೆಯಿತ್ತು ಹಿಂದೆ, ಈಗಿಲ್ಲ;
ಇಲ್ಲಿ ಎಂದೂ ಇರಲಿಲ್ಲ, ಇರುವುದೊಂದೇ ಬಕೆಟ್ಟು.
ಯಾರು ಮೊದಲು ಎಂಬ ಜಗಳ ಮಾತ್ರ
ಇನ್ನೂ ಮುಗಿದಿಲ್ಲ.

ಚೀಲ ಎಳೆದರೆ ಸತ್ತ ಚರ್ಮ ಶಾವಿಗೆಯಂತೆ ಸುರುಳಿ ಸುರುಳಿ.
ನಾಚುತ್ತಾರೆ ಅದನ್ನು ನೋಡಿ, ಪೊಲೀಸರೂ.
ಇದೇನು ಮಹಾ ಅಂದು ಒಂದು ಚೊಂಬು ಸುರಿಯುತ್ತೇನೆ.
ಚರಂಡಿ ಅದನ್ನೆಲ್ಲ ಕುರಾ ನದಿಗೆ ಒಯ್ಯುತ್ತದೆ;
ಪ್ರವಾಸಿಗಳು ದೋಣಿಯಲ್ಲಿ ಕೂತು
ಆ ನೀರನ್ನೂ ನೋಡುತ್ತಾರೆ.

ಹೋದ ಭಾನುವಾರ ಮಗಳು ಸೆವಿಂಜ್
ಕೇಬಲ್ ಕಾರಿನ ಟಿಕೆಟ್ಟು ಕೈಗಿಟ್ಟಳು.
ಒಂದು ಸಲ ಬಾ ಅಪ್ಪಾ,
ನೀನು ಹುಟ್ಟಿದ ಊರನ್ನು
ಜಪಾನಿನವರು ನಿನಗಿಂತ ಚೆನ್ನಾಗಿ ಕಂಡಿದ್ದಾರೆ.

ಗಾಜಿನ ಪೆಟ್ಟಿಗೆ. ಕಾಲ ಕೆಳಗೆ ನದಿ.
ಕಣ್ಣು ಮುಚ್ಚಿಯೇ ಅರ್ಧ ದಾರಿ ಹೋದೆ,
ಅರ್ಧ ಟಿಕೆಟ್ಟು ದಂಡ.

ಕೋಟೆಗೋಡೆಯ ಪಕ್ಕ ಗಾಳಿಯೋ ಗಾಳಿ.
ಸೆವಿಂಜ್ ಬೆರಳು ಚಾಚಿದಳು: ಅಗೋ ಸಿಯೋನಿ,
ಅಗೋ ಬಂಡೆಯ ಮೇಲೆ ಮೆತೇಖಿ, ಅಗೋ ಮಿನಾರು,
ಅತ್ತ ಎಲ್ಲೋ ಸೊಟ್ಟ ಗಡಿಯಾರದ ಗೋಪುರ,
ಗಂಟೆಗೊಮ್ಮೆ ದೇವದೂತನ ಗೊಂಬೆ ಹೊರಬಂದು
ಸುತ್ತಿಗೆಯಲ್ಲಿ ಬಡಿಯುತ್ತದಂತೆ.
ಹ್ಞೂಂ ಹ್ಞೂಂ ಅಂದೆ.
ಕಣ್ಣು ಮಾತ್ರ ಕಾಲ ಬುಡದಲ್ಲಿ,
ಬೋಗುಣಿ ಮಗುಚಿಟ್ಟಂಥ ಗುಮ್ಮಟಗಳಲ್ಲಿ ಹುಡುಕುತ್ತಿತ್ತು.
ಮೂರನೆಯದರ ಕಿಂಡಿಯಿಂದ
ಒಂದೆಳೆ ಹಬೆ.
ನಮ್ಮದೇ. ಇವತ್ತು ನನ್ನ ಪಾಳಿ ತೆಮೂರನದು.
ಯಾರ ಬೆನ್ನೋ ಏನೋ, ಅವಸರ ಮಾಡುತ್ತಾನೆ ಹುಡುಗ.
ಇಷ್ಟು ಸಣ್ಣದಾ, ಅಂದೆ.
ಸೆವಿಂಜ್ ಕೇಳಿಸಿಕೊಳ್ಳಲಿಲ್ಲ,
ಫೋಟೊ ತೆಗೆಯುತ್ತಿದ್ದಳು, ನನ್ನದು, ಹಿಂದಿನಿಂದ.

ತೋರಿಸಿದಳು ಆಮೇಲೆ.
ತನ್ನ ಬೆನ್ನು ತನಗೆ ಕಾಣದು ಎನ್ನುತ್ತಾರೆ. ಕಂಡಿತು.
ಮುಂದೆ ಇಡೀ ಊರು, ಎಲ್ಲರ ದೇವರುಗಳು, ಬಿಸಿಲು;
ಅದರ ಮೇಲೊಂದು ಹಳೆಯ ಕೋಟು,
ಹೊಲಿಗೆ ಬಿಟ್ಟಿದೆ, ಬಲಹೆಗಲು ಇಳಿದಿದೆ
ಥೇಟು ಅಪ್ಪನ ಹಾಗೆ.
ಈ ಗಿರಾಕಿ ಬಂದರೆ
ಒಂದು ಬಕೆಟ್ಟು ಜಾಸ್ತಿ ಸುರಿಯಬೇಕು ಅನ್ನಿಸಿತು.

ಸೋಮವಾರ ಗರೆಗಿನ್ ಕಲ್ಲಿನ ಮೇಲೆ ಬೋರಲು ಮಲಗಿ ಕೇಳಿದ:
ಬೆಟ್ಟ ಹತ್ತಿದ್ದೆಯಂತೆ. ಏನೇನು ನೋಡಿದೆ?
ಮಾತಾಡಬೇಡ, ಉಸಿರು ಬಿಡು, ಅಂದೆ.
ಮೇಲೆ ಯಾರೋ ಬಂದು ನಿಂತರು;
ಕಿಂಡಿಯ ಬೆಳಕು
ಒಂದು ಗಳಿಗೆ ಮರೆಯಾಯಿತು.